ಪಟಾಕಿಗೆ ಹೆದರಿ ಓಡಿದ ನಾಯಿ: ಹುಡುಕುವುದು ಎಲ್ಲಿಂದ ಶುರು ಮಾಡಬೇಕು?

ಬೋಗಾದಿ ಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ ನರಕ ಚತುರ್ದಶಿಯ ರಾತ್ರಿಯಿಂದ ಕಾಣುತ್ತಿಲ್ಲ. ಪಕ್ಕದ ರಸ್ತೆಯಲ್ಲಿ ಸರ ಪಟಾಕಿ ಹಚ್ಚಿದರು. ಮೊದಲ ಸದ್ದಿಗೇ ಕಾಂಪೌಂಡ್ ಹಾರಿ ಓಡಿದಳು. ಬೆಲ್ಟ್ ಗೇಟಿನ ಕಂಬಿಗೆ ಸಿಕ್ಕಿ ಕಳಚಿಕೊಂಡು ಅಲ್ಲೇ ನೇತಾಡುತ್ತಿತ್ತು. ಈಗ ಅವಳನ್ನು ನೋಡಿದವರಿಗೆ ಸಾಕಿದ ನಾಯಿ ಅಂತ ಗೊತ್ತಾಗುವುದೇ ಇಲ್ಲ.

ನಾಡ ನಾಯಿ. ಕಂದು ಬಣ್ಣ, ಎದೆ ಮೇಲೆ ಅಂಗೈ ಅಗಲ ಬಿಳಿ, ಬಾಲದ ತುದಿಯೂ ಬಿಳಿ. ಬೀದಿಯಿಂದ ತಂದು ಸಾಕಿದ್ದು. ಆಗಲೇ ಸಂತಾನಹರಣ ಆಪರೇಷನ್ ಆಗಿದ್ದರಿಂದ ಒಂದು ಕಿವಿಯ ತುದಿ ಕತ್ತರಿಸಿದ್ದಾರೆ. ಮನೆಯವರನ್ನು ಬಿಟ್ಟರೆ ಯಾರ ಹತ್ತಿರವೂ ಹೋಗುವುದಿಲ್ಲ.

ನಾನು, ನಮ್ಮ ಯಜಮಾನರು, ಮಗ ಮೂವರೂ ಬೈಕಿನಲ್ಲಿ ಹೆಸರು ಕೂಗುತ್ತಾ ಸುತ್ತಿದ್ದೇವೆ. ವಾಟ್ಸಾಪ್ ಗ್ರೂಪುಗಳಿಗೆಲ್ಲ ಫೋಟೋ ಹೋಗಿದೆ. ನಮ್ಮತ್ತೆ ಊಟ ಬಿಟ್ಟು ಕೂತಿದ್ದಾರೆ. ಮುಂದೆ ಏನು ಮಾಡಬೇಕು, ಯಾವುದು ಮೊದಲು, ಅನುಭವ ಇರುವವರು ದಯವಿಟ್ಟು ಹೇಳಿ.

ರಾತ್ರಿಪಾಳಿ (ಬೆಂಗಳೂರು)

ಅಕ್ಕ, ಮೊದಲು ಬೈಕ್ ನಿಲ್ಲಿಸಿ. ಕೂಗುವುದನ್ನೂ ನಿಲ್ಲಿಸಿ. ನಾನು ಪ್ರಾಣಿ ರಕ್ಷಣೆ ಕೆಲಸದಲ್ಲಿ ಸ್ವಯಂಸೇವಕ. ದೀಪಾವಳಿ ವಾರದಲ್ಲಿ ನಮಗೆ ಬರುವುದೆಲ್ಲ ಇಂಥ ಕರೆಗಳೇ.

ಗೇಟು ತೆರೆದಿದ್ದಾಗ ಮೂಸುತ್ತಾ ಹೊರಟ ನಾಯಿ ಜನರ ಹತ್ತಿರ ಹೋಗುತ್ತದೆ. ಯಾರೋ ಕರೆದು ಬಿಸ್ಕೆಟ್ ಕೊಡುತ್ತಾರೆ, ಫೋಟೋ ಹಾಕುತ್ತಾರೆ. ಹೆದರಿ ಓಡಿದ ನಾಯಿ ಹಾಗಲ್ಲ. ಅದು ಎಲ್ಲೋ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತದೆ. ನೀವು ಬೈಕಿನಲ್ಲಿ ಜೋರಾಗಿ ಕೂಗುತ್ತಾ ಹೋದರೆ ಅದಕ್ಕೆ ಅದೂ ಒಂದು ಗಲಾಟೆ, ಅಷ್ಟೇ. ಇನ್ನೂ ಒಳಗೆ ಸರಿಯುತ್ತದೆ.

ಸದ್ದು ಪೂರ್ತಿ ನಿಂತ ಮೇಲೆ ಹೊರಡಿ. ರಾತ್ರಿ 2ರಿಂದ ಬೆಳಕು ಹರಿಯುವವರೆಗೆ ಒಳ್ಳೆಯ ಹೊತ್ತು. ನಡೆದುಕೊಂಡೇ ಹೋಗಿ, ಇಬ್ಬರೇ ಸಾಕು. ಟಾರ್ಚ್ ಸೊಂಟದ ಹತ್ತಿರ ಹಿಡಿಯಬೇಡಿ, ಕಣ್ಣಿನ ಪಕ್ಕಕ್ಕೆ ಹಿಡಿದು ಬೆಳಕು ಬಿಡಿ. ನಾಯಿಯ ಕಣ್ಣು ಹಸಿರಾಗಿ ಮಿಂಚುವುದು ಆಗ ಕಾಣುತ್ತದೆ. ನಿಂತ ಕಾರುಗಳ ಕೆಳಗೆ, ಚರಂಡಿ ಚಪ್ಪಡಿಯ ಕೆಳಗೆ, ಅರ್ಧ ಕಟ್ಟಿದ ಮನೆಯ ಮೆಟ್ಟಿಲ ಸಂದಿ, ಖಾಲಿ ಸೈಟಿನ ಲಾಂಟಾನ ಪೊದೆ, ಟ್ರಾನ್ಸ್‌ಫಾರ್ಮರ್ ಹಿಂದೆ. ಅಕ್ಕಪಕ್ಕದ ಮನೆಯವರ ಪಾರ್ಕಿಂಗ್, ನೀರಿನ ಸಂಪಿನ ಕೋಣೆ ಕೂಡ ಕೇಳಿ ನೋಡಿ. ಎಷ್ಟೋ ನಾಯಿಗಳು ನಾಲ್ಕು ಮನೆ ಆಚೆಯೇ ಸಿಗುತ್ತವೆ, ಜನ ಮಾತ್ರ ಊರೆಲ್ಲ ಹುಡುಕಿರುತ್ತಾರೆ.

ಕಂಡರೆ ಓಡಿ ಹಿಡಿಯಲು ಹೋಗಲೇಬೇಡಿ. ಇದೊಂದನ್ನು ಮನೆಯವರಿಗೆಲ್ಲ, ಜೊತೆಗೆ ಬರುವವರಿಗೆಲ್ಲ ಹೇಳಿ. ಅಲ್ಲೇ ನೆಲದ ಮೇಲೆ ಕೂತುಬಿಡಿ. ಮುಖ ಪಕ್ಕಕ್ಕೆ ತಿರುಗಿಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈಯಲ್ಲಿರುವ ತಿಂಡಿ ಕೆಳಗೆ ಹಾಕಿ, ಮನೆಯಲ್ಲಿ ದಿನಾ ಆಡುವ ಮಾತನ್ನೇ ಮೆಲ್ಲಗೆ ಆಡಿ. ಅದು ಹತ್ತಿರ ಬಂದು ಮೂಸಿದ ಮೇಲೂ ತಕ್ಷಣ ಕೈ ಚಾಚಬೇಡಿ.

ಹಾಲಿನ ಬೂತ್ (ಮಂಡ್ಯ)

ಬೆಳಗಿನ 4 ಗಂಟೆಗೆ ರಸ್ತೆಯಲ್ಲಿ ಇರುವವರು ನಾವು. ನಂದಿನಿ ಹಾಲಿನ ಗಾಡಿಯವರು, ಪೇಪರ್ ಹುಡುಗರು, ಹೂವಿನವರು, ಪೌರಕಾರ್ಮಿಕರು. ನಮ್ಮಲ್ಲಿ ಅರ್ಧ ಜನ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಇರುವುದಿಲ್ಲ. ಬಂದು ಎದುರಿಗೆ ನಿಂತು ಕೇಳಿ ಮೇಡಂ.

ಒಂದು ಮಾತು ಮಾತ್ರ ನೆನಪಿಡಿ. "ಈ ನಾಯಿ ನೋಡಿದ್ರಾ" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕಂದು ನಾಯಿ ಎಲ್ಲ ರಸ್ತೆಯಲ್ಲೂ ಇವೆ. "ನಿಮ್ಮ ರಸ್ತೆಗೆ ಹೊಸ ನಾಯಿ ಯಾವುದಾದರೂ ಬಂದಿದೆಯಾ" ಅಂತ ಕೇಳಿ. ಕಸ ಗುಡಿಸುವ ಅಕ್ಕಂದಿರಿಗೆ ತಮ್ಮ ರಸ್ತೆಯ ನಾಯಿಗಳೆಲ್ಲ ಗೊತ್ತು. ಹೊಸದು ಬಂದರೆ ಅವತ್ತೇ ಗೊತ್ತಾಗುತ್ತದೆ. ಬೀದಿ ನಾಯಿಗೆ ಅನ್ನ ಹಾಕುವವರಿಗೂ ಅಷ್ಟೇ.

ರಾತ್ರಿಪಾಳಿ (ಬೆಂಗಳೂರು)

ಹಾಲಿನ ಬೂತ್ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಸೇರಿಸುತ್ತೇನೆ. ರಾತ್ರಿ ಯಾವ ರಸ್ತೆಯಲ್ಲಿ ಬೀದಿ ನಾಯಿಗಳು ಒಂದೇ ಸಮನೆ ಬೊಗಳಿದವು ಅಂತ ವಾಚ್‌ಮನ್‌ಗಳನ್ನು ಕೇಳಿ. ತಮ್ಮ ಜಾಗಕ್ಕೆ ಹೊರಗಿನ ನಾಯಿ ಬಂದರೆ ಅವು ಬಿಡುವುದಿಲ್ಲ. ಆ ಬೊಗಳಾಟದ ಜಾಡು ಹಿಡಿದರೆ ಯಾವ ದಿಕ್ಕಿಗೆ ಹೋಗಿದೆ ಅಂತ ಗೊತ್ತಾಗುತ್ತದೆ.

ಸಿಸಿಟಿವಿ ಇವತ್ತೇ ಕೇಳಿ. ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ತಡ ಮಾಡಿದರೆ ಅಳಿಸಿಹೋಗಿರುತ್ತದೆ.

ಬೋಗಾದಿ ಮನೆ (ಮೈಸೂರು)

ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಪೇಪರ್ ಹುಡುಗನೊಬ್ಬ ನೋಡಿದ್ದಾನೆ! ಬೋಗಾದಿ ರಸ್ತೆಯಲ್ಲಿ ಮಾನಸಗಂಗೋತ್ರಿ (ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್) ಕಡೆಗೆ ಓಡುತ್ತಿದ್ದಳಂತೆ. ಬಾಲದ ಬಿಳಿ ತುದಿ ಅವನೇ ಹೇಳಿದ. ನಮ್ಮ ಯಜಮಾನರು ಹೋದರು. ಗಂಗೋತ್ರಿ ಕಾಂಪೌಂಡಿನ ಪಕ್ಕ ನಿಜವಾಗಿಯೂ ಇದ್ದಳು. ಚಿನ್ನಿ ಅಂತ ಕರೆದರೆ ತಿರುಗಿ ನೋಡಿ, ಇನ್ನೂ ಜೋರಾಗಿ ಓಡಿದಳಂತೆ.

ಇವರು ಬಂದು ಸುಮ್ನೆ ಕೂತುಬಿಟ್ಟಿದ್ದಾರೆ. ಕೈಯಾರೆ ಅನ್ನ ಹಾಕಿದವರನ್ನೇ ನಾಯಿ ಮರೆಯುತ್ತದಾ?

ಪಶುವೈದ್ಯೆ (ಶಿವಮೊಗ್ಗ)

ಮರೆತಿಲ್ಲ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ 45,000 ಹರ್ಟ್ಸ್ ಹತ್ತಿರದವರೆಗೂ ಕೇಳುತ್ತದೆ. ನಮಗೆ ಕೇಳದಷ್ಟು ಮೆಲ್ಲಗಿನ, ದೂರದ ಸದ್ದೂ ಅದಕ್ಕೆ ಕೇಳುತ್ತದೆ. ಪಟಾಕಿ ಎಲ್ಲಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಜೀವ ಉಳಿಸಿಕೊಳ್ಳುವ ಭಯ ಒಂದೇ ಇರುತ್ತದೆ. ಆ ಹೊತ್ತಿನಲ್ಲಿ ನಿಂತಿರುವ, ಕರೆಯುವ, ಹತ್ತಿರ ಬರುವ ಯಾರನ್ನು ಕಂಡರೂ ಓಡುತ್ತದೆ. ತನ್ನನ್ನು ಸಾಕಿದವರನ್ನೂ ಸೇರಿಸಿ. ಭಯ ಸ್ವಲ್ಪ ಇಳಿದು, ನಿಮ್ಮ ವಾಸನೆ ಮೂಗಿಗೆ ತಟ್ಟಿದಾಗಲೇ ಗುರುತು ಹತ್ತುವುದು. ನಾಯಿ ಗುರುತು ಹಿಡಿಯುವುದು ಕಣ್ಣಿಗಿಂತ ಮೂಗಿನಿಂದ ಜಾಸ್ತಿ ಅಲ್ವಾ? ಗಾಳಿ ನಿಮ್ಮ ಕಡೆಯಿಂದ ಅವಳ ಕಡೆಗೆ ಬೀಸುವ ಹಾಗೆ ಕೂತುಕೊಳ್ಳಿ.

ಈಗ ಒಳ್ಳೆಯ ಸುದ್ದಿ ಏನೆಂದರೆ ಜಾಗ ಗೊತ್ತಾಗಿದೆ. ಇನ್ನು ಅಲ್ಲಿಂದ ಅವಳನ್ನು ಓಡಿಸದೆ ಇರುವುದೇ ಕೆಲಸ. ಹತ್ತು ಜನ ಗುಂಪಾಗಿ ಹೋಗಬೇಡಿ. ನೀವು ಉಟ್ಟು ಬಿಟ್ಟ ಸೀರೆಯೋ ನೈಟಿಯೋ ಒಗೆಯದೆ ಅಲ್ಲಿ ಇಡಿ. ಪಕ್ಕದಲ್ಲಿ ನೀರು, ವಾಸನೆ ಗಟ್ಟಿಯಾಗಿರುವ ಊಟ. ಬೇಯಿಸಿದ ಕೋಳಿ ಲಿವರ್ ಆದರೆ ಒಳ್ಳೆಯದು.

ಕಡಲ ಬದಿ (ಮಂಗಳೂರು)

ಡಾಕ್ಟ್ರೇ, ಊಟ ಇಡುವ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಲಿವರ್ ಇಟ್ಟರೆ ಆ ಬೀದಿಯ ನಾಯಿಗಳೆಲ್ಲ ಬರುತ್ತವೆ. ಹೆದರಿದ ನಾಯಿ ಇನ್ನೂ ದೂರ ಹೋಗುತ್ತದೆ. ನಮ್ಮ ಬಂಧುಗಳ ಮನೆಯ ನಾಯಿಗೆ ಹಾಗೇ ಆಯಿತು ಮಾರಾಯ್ರೆ. ಊಟ ಇಟ್ಟ ಕಡೆ ನಾಯಿಗಳ ಜಗಳ, ಇವರ ನಾಯಿ ಹೆದ್ದಾರಿ ದಾಟಿತು.

ಪಶುವೈದ್ಯೆ (ಶಿವಮೊಗ್ಗ)

ನೀವು ಹೇಳುವುದು ಸರಿ. ಇಟ್ಟು ಬಿಟ್ಟು ಬಂದರೆ ಹಾಗೇ ಆಗುತ್ತದೆ. ನಾನು ಹೇಳಿದ್ದನ್ನು ತಿದ್ದಿ ಓದಿಕೊಳ್ಳಿ: ದಿನಾ ಒಂದೇ ಹೊತ್ತಿಗೆ, ಒಬ್ಬರೇ, ಸ್ವಲ್ಪವೇ ಊಟ ಇಟ್ಟು ದೂರದಲ್ಲಿ ಕೂತು ನೋಡಬೇಕು. ಬೇರೆ ನಾಯಿ ಬಂದರೆ ಎತ್ತಿಬಿಡಬೇಕು. ಬಟ್ಟೆಯನ್ನು ಮಾತ್ರ ರಾತ್ರಿಯೂ ಬಿಡಬಹುದು.

ಮನೆ ಗೇಟಿನ ಹತ್ತಿರವೂ ಅವಳ ಹಾಸಿಗೆ ಇಟ್ಟು ರಾತ್ರಿ ಗೇಟು ಸ್ವಲ್ಪ ತೆರೆದಿಡಿ. ತಾನೇ ವಾಪಸ್ ಬಂದು, ಗೇಟು ಹಾಕಿದೆ ಅಂತ ತಿರುಗಿ ಹೋದ ನಾಯಿಗಳಿವೆ.

ಡಿಟಿಪಿ ಅಂಗಡಿ (ದಾವಣಗೆರೆ)

ನಮ್ಮಲ್ಲಿಗೆ "ನಾಯಿ ಕಳೆದಿದೆ" ಪಾಂಪ್ಲೆಟ್ ಮಾಡಿಸಲು ಬರುವವರು ಅದರಲ್ಲಿ ಒಂದು ಪುಟ ಕಥೆ ಬರೆಸುತ್ತಾರೆ. ಅವಳ ಸ್ವಭಾವ, ಮನೆಯವರ ಕಣ್ಣೀರು, ಎಲ್ಲ. ಬೈಕಿನಲ್ಲಿ ಹೋಗುವವನಿಗೆ ಅದು ಯಾವುದೂ ಕಾಣುವುದಿಲ್ಲ. ಫೋಟೋ, ಎರಡು ಗುರುತು, ಫೋನ್ ನಂಬರ್. ಅಷ್ಟೇ. ನಿಮ್ಮದಕ್ಕೆ ನಾನಾಗಿದ್ದರೆ ಹೀಗೆ ಹೊಂದಿಸುತ್ತಿದ್ದೆ:

ನಾಯಿ ಕಳೆದಿದೆ
(ನಿಂತಿರುವ ಪೂರ್ತಿ ಮೈ ಫೋಟೋ)
ಕಂದು ಬಣ್ಣ. ಬಾಲದ ತುದಿ ಬಿಳಿ. ಕುತ್ತಿಗೆಗೆ ಬೆಲ್ಟ್ ಇಲ್ಲ.
ಹಿಡಿಯಬೇಡಿ, ಓಡಿಸಬೇಡಿ. ಕಂಡ ಕೂಡಲೇ ಫೋನ್ ಮಾಡಿ.
(ಫೋನ್ ನಂಬರ್, ಹಾಳೆಯ ಅಗಲಕ್ಕೂ)

"ಹಿಡಿಯಬೇಡಿ" ಅನ್ನುವ ಸಾಲು ಬಿಡಲೇಬೇಡಿ. ಒಳ್ಳೆ ಮನಸ್ಸಿನವರೇ ಅಟ್ಟಿಸಿಕೊಂಡು ಹೋಗಿ ನಾಯಿಯನ್ನು ಇನ್ನೊಂದು ಬಡಾವಣೆಗೆ ದಾಟಿಸುತ್ತಾರೆ.

ಮುಖದ ಫೋಟೋ ಎಷ್ಟೇ ಮುದ್ದಾಗಿದ್ದರೂ ಬೇಡ. ದೂರದಿಂದ ನೋಡುವವನಿಗೆ ಮೈ, ಬಾಲ, ನಿಲುವು ಕಾಣಬೇಕು. ಹಬ್ಬದ ಮಳೆ ಬಂದರೆ ಇಂಕ್‌ಜೆಟ್ ಪ್ರಿಂಟ್ ಕರಗುತ್ತದೆ, ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ. ಸರ್ಕಾರಿ ಗೋಡೆ, ಕಂಬಕ್ಕೆ ಅಂಟಿಸಬೇಡಿ. ಸಾರ್ವಜನಿಕ ಜಾಗದ ಅಂದ ಕೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ. ಟೀ ಅಂಗಡಿ, ಬೇಕರಿ, ಮೆಡಿಕಲ್ ಸ್ಟೋರ್, ಕೋಳಿ ಅಂಗಡಿಯವರನ್ನು ಕೇಳಿ ಅವರ ಗಾಜಿಗೆ ಹಾಕಿ. ಕೋಳಿ ಅಂಗಡಿಯಂತೂ ಮುಖ್ಯ. ಹಸಿದ ನಾಯಿ ಒಂದಲ್ಲ ಒಂದು ಹೊತ್ತಿಗೆ ಅಲ್ಲಿಗೆ ಬರುತ್ತದೆ.

ಜೋಳದ ಹೊಲ (ಬಾಗಲಕೋಟೆ)

ಬಹುಮಾನ ಎಷ್ಟು ಅಂತ ಹಾಕ್ರಿ. ದುಡ್ಡು ಕಂಡರೆ ಹತ್ತು ಜನ ಹುಡುಕುತ್ತಾರೆ.

ರಾತ್ರಿಪಾಳಿ (ಬೆಂಗಳೂರು)

ಅಣ್ಣ, ಈ ಕೇಸಿನಲ್ಲಿ ಬೇಡ ಅನ್ನುತ್ತೇನೆ. ದೊಡ್ಡ ಮೊತ್ತ ಬರೆದರೆ ಹುಡುಗರು ಗುಂಪು ಕಟ್ಟಿ ಹಗ್ಗ ಹಿಡಿದು ಹೊರಡುತ್ತಾರೆ. ಹೆದರಿದ ನಾಯಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಕಳ್ಳತನ ಆಗಿದೆ ಅಂತ ಅನುಮಾನ ಇದ್ದರೆ ಮಾತು ಬೇರೆ. ಆಗ "ಸೂಕ್ತ ಬಹುಮಾನ" ಅಂತಷ್ಟೇ ಹಾಕಿ, ಮೊತ್ತ ಬರೆಯಬೇಡಿ.

ಇನ್ನೊಂದು ಎಚ್ಚರಿಕೆ. ನಂಬರ್ ಹೊರಗೆ ಬಿದ್ದ ಮೇಲೆ ಮೋಸದ ಕರೆ ಬರುತ್ತದೆ. "ನಿಮ್ಮ ನಾಯಿ ನಮ್ಮ ಹತ್ತಿರ ಇದೆ, ತಂದುಕೊಡಲು ಪೆಟ್ರೋಲಿಗೆ ಹಾಕಿ" ಅನ್ನುತ್ತಾರೆ. ನೀವೇ ಹಾಕಿದ ಫೋಟೋವನ್ನು ವಾಪಸ್ ಕಳಿಸಿ ನಂಬಿಸುತ್ತಾರೆ. ವಿಡಿಯೋ ಕಾಲ್ ಮಾಡಿ ತೋರಿಸಿ ಅನ್ನಿ. ಎದೆ ಮೇಲಿನ ಬಿಳಿಯನ್ನು ಪಾಂಪ್ಲೆಟ್‌ನಲ್ಲಿ ಹಾಕಬೇಡಿ, ಆ ಗುರುತು ನಿಮ್ಮ ಹತ್ತಿರವೇ ಇರಲಿ. ಡಿಟಿಪಿ ಅಂಗಡಿಯವರು ಬಾಲ ಮಾತ್ರ ಬರೆದಿದ್ದು ಒಳ್ಳೆಯದೇ ಆಯಿತು. ಫೋಟೋ ಕೂಡ ಎದೆ ಕಾಣದ ಹಾಗೆ ಪಕ್ಕದಿಂದ ತೆಗೆದಿದ್ದು ಆರಿಸಿ. ದುಡ್ಡು ಕಳಿಸಿ ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಜೋಳದ ಹೊಲ (ಬಾಗಲಕೋಟೆ)

ಒಪ್ಪಿದೆ ತಮ್ಮಾ. ನಮ್ಮ ಕಡೆ ಕಳುವು ಜಾಸ್ತಿ, ಅದಕ್ಕೇ ಹಾಗೆ ಅಂದೆ. ಮುಧೋಳ ನಾಯಿಗಳ ಮೇಲೆ ಎಲ್ಲರ ಕಣ್ಣು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು, ನಮಗೆ ಹೆಮ್ಮೆ. ಆದರೆ ಅದರ ಹುಡುಕಾಟವೇ ಬೇರೆ. ಅದು ಕಣ್ಣಿಂದ ಬೇಟೆ ಆಡುವ ನಾಯಿ. ಮೊಲ ಕಂಡು ಬೆನ್ನು ಹತ್ತಿದರೆ ಹೊಲದ ಮೇಲೆ ಹೊಲ ದಾಟುತ್ತದೆ. ನಿಮ್ಮ ಚಿನ್ನಿಯ ಹಾಗೆ ಅದು ಸಂದಿಯಲ್ಲಿ ಕೂರುವುದಿಲ್ಲ. ಮುಧೋಳ ಕಳೆದವರು ಮುಂದಿನ ಊರುಗಳ ಕುರಿಗಾರರಿಗೆ ಮೊದಲು ಫೋನ್ ಮಾಡ್ರಿ. ಬಯಲಲ್ಲಿ ಇರುವ ಕಣ್ಣು ಅವರದೇ.

ಕಾಫಿ ತೋಟ (ಮೂಡಿಗೆರೆ)

ಊರ ಕಡೆಯವರಿಗೆ ಒಂದು ಮಾತು, ಪೇಟೆಯವರಿಗೆ ಇದು ಹೊಳೆಯುವುದಿಲ್ಲ. ತೋಟದಲ್ಲಿ ನಾಯಿ ಕಾಣೆಯಾದರೆ ನಾವು ಮೊದಲು ಬೇಲಿ ಸಾಲು ನೋಡುತ್ತೇವೆ. ಕಾಡುಹಂದಿಗೆ ಅಂತ ಯಾರೋ ಕದ್ದು ಕಟ್ಟಿದ ಉರುಳಿಗೆ ನಾಯಿಗಳು ಸಿಕ್ಕಿಕೊಳ್ಳುತ್ತವೆ. ಕ್ಲಚ್ ವೈರಿನ ಉರುಳು. ಎಳೆದಷ್ಟೂ ಬಿಗಿಯುತ್ತದೆ. ಜಾಣ ನಾಯಿ ಎಳೆಯದೆ ಸುಮ್ನೆ ಕೂತಿರುತ್ತದೆ, ಬೊಗಳುವುದೂ ಇಲ್ಲ, ಕುಂಯ್ ಅನ್ನುವ ಸಣ್ಣ ಸದ್ದು ಮಾತ್ರ. ಅದಕ್ಕೇ ಕೂಗುತ್ತಾ ಹೋಗುವ ಬದಲು ನಿಂತು ನಿಂತು ಕಿವಿಗೊಡಬೇಕು. ಕಟಿಂಗ್ ಪ್ಲೇಯರ್ ಮತ್ತು ಒಂದು ಗೋಣಿಚೀಲ ಜೊತೆಗೆ ಇರಲಿ. ನೋವಿನಲ್ಲಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ಮೊದಲು ತಲೆ ಮೇಲೆ ಗೋಣಿ ಹಾಕಿ, ಆಮೇಲೆ ತಂತಿ ಕತ್ತರಿಸಿ. ಉರುಳು ಇಡುವುದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಿ.

ಕಟ್ಟೆ ಇಲ್ಲದ ಹಾಳು ಬಾವಿಗಳನ್ನೂ ನೋಡಿ. ಬಾವಿಗೆ ಬಿದ್ದಿದ್ದರೆ ನೀವೇ ಇಳಿಯಬೇಡಿ. ಹಳೆ ಬಾವಿಯ ತಳದಲ್ಲಿ ಗಾಳಿ ಇರುವುದಿಲ್ಲ, ಜನ ಸತ್ತಿದ್ದಾರೆ. 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಸಿ.

ಬೆಳಿಗ್ಗೆ ಮನೆ ಹತ್ತಿರದಲ್ಲೇ ಚಿರತೆ ಹೆಜ್ಜೆ ಕಂಡರೆ ಬೇರೆ ಮಾತಿಲ್ಲ. ಹೇಳುವುದಕ್ಕೆ ಬೇಜಾರು, ಆದರೆ ನಮ್ಮ ಕಡೆ ಅದೂ ಉಂಟು.

ಕೋರ್ಟು ರಸ್ತೆ (ತುಮಕೂರು)

ಪೊಲೀಸ್ ಠಾಣೆಗೆ ಹೋಗಬೇಕಾ ಅಂತ ಯಾರೂ ಹೇಳಲಿಲ್ಲ. ನಾನು ವಕೀಲ. ಕಾನೂನಿನಲ್ಲಿ ಸಾಕುನಾಯಿ ನಿಮ್ಮ ಸ್ವತ್ತು. ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಸಿಕ್ಕ ನಾಯಿಯ ಮಾಲೀಕರು ಯಾರು ಅಂತ ಗೊತ್ತಿದ್ದೂ ತನ್ನದಾಗಿ ಇಟ್ಟುಕೊಂಡರೆ 314. ಬೇಕೆಂದೇ ಕೊಂದರೆ, ಅಂಗ ಊನ ಮಾಡಿದರೆ 325, ಅದಕ್ಕೆ 5 ವರ್ಷದವರೆಗೆ ಶಿಕ್ಷೆ ಇದೆ. 2024ರ ಜುಲೈ 1ರಿಂದ ಈ ಹೊಸ ಕಲಂಗಳೇ ಜಾರಿಯಲ್ಲಿವೆ, ಹಳೆಯ 379 ಅಂತ ಬರೆಯಬೇಡಿ.

ಚಿನ್ನಿ ಕಳುವಾಗಿಲ್ಲ, ಓಡಿಹೋಗಿದ್ದಾಳೆ. ಹಾಗಾಗಿ ಎಫ್‌ಐಆರ್ ಪ್ರಶ್ನೆ ಬರುವುದಿಲ್ಲ. ಆದರೂ ಫೋಟೋ ಸಮೇತ ಒಂದು ಅರ್ಜಿ ಕೊಟ್ಟು ಹಿಂಬರಹ (ಅರ್ಜಿ ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಕಾಗದ) ತೆಗೆದುಕೊಳ್ಳಿ. ನಾಳೆ ಯಾರಾದರೂ "ಇದು ನಮ್ಮ ನಾಯಿ" ಅಂತ ಜಗಳಕ್ಕೆ ನಿಂತರೆ ಆ ಕಾಗದ, ಲಸಿಕೆ ಪುಸ್ತಕ, ಹಳೆಯ ಫೋಟೋಗಳು ನಿಮ್ಮ ಆಧಾರ.

ಮೈಕ್ರೋಚಿಪ್ ಇದೆಯಾ?

ಬೋಗಾದಿ ಮನೆ (ಮೈಸೂರು)

ಇಲ್ಲ ಸರ್. ಅದು ಇದ್ದಿದ್ದರೆ ಎಲ್ಲಿದ್ದಾಳೆ ಅಂತ ಫೋನಿನಲ್ಲೇ ನೋಡಬಹುದಿತ್ತಾ?

ಪಶುವೈದ್ಯೆ (ಶಿವಮೊಗ್ಗ)

ನೋಡಲು ಆಗುವುದಿಲ್ಲ. ಚಿಪ್ ಅಕ್ಕಿ ಕಾಳಿನಷ್ಟು ದೊಡ್ಡದು. ಹೆಗಲ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತೇವೆ. ಒಳಗೆ ಬ್ಯಾಟರಿ ಇಲ್ಲ, 15 ಅಂಕಿಯ ಒಂದು ಸಂಖ್ಯೆ ಮಾತ್ರ. ಸ್ಕ್ಯಾನರ್ ಹತ್ತಿರ ಹಿಡಿದರೆ ಆ ಸಂಖ್ಯೆ ಕಾಣುತ್ತದೆ. ಯಾರಾದರೂ ಹಿಡಿದು ಆಸ್ಪತ್ರೆಗೆ ತಂದ ಮೇಲೆ ಉಪಯೋಗ. ಜಾಗ ತೋರಿಸಬೇಕೆಂದರೆ ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ಬೇಕು. ಏರ್‌ಟ್ಯಾಗ್ ಕಟ್ಟುವವರೂ ಇದ್ದಾರೆ. ಅದು ಹತ್ತಿರ ಯಾರದ್ದಾದರೂ ಆಪಲ್ ಫೋನ್ ಹಾದುಹೋದರೆ ಮಾತ್ರ ಸುದ್ದಿ ಕೊಡುತ್ತದೆ. ಮಾಲ್ ಹತ್ತಿರ ಸರಿ, ತೋಟದಲ್ಲಿ ಪ್ರಯೋಜನ ಕಡಿಮೆ.

ಇವತ್ತು ನಿಮಗೆ ಅದಕ್ಕಿಂತ ಮುಖ್ಯವಾದದ್ದು ಪಾಲಿಕೆ. ಬೆಲ್ಟ್ ಇಲ್ಲ, ಕಿವಿ ತುದಿ ಕತ್ತರಿಸಿದೆ. ನೋಡಿದವರು ಬೀದಿ ನಾಯಿ ಅಂತಲೇ ತಿಳಿಯುತ್ತಾರೆ. ಕಿವಿ ನೋಡಿ ಆಪರೇಷನ್‌ಗೆ ಮತ್ತೆ ಒಯ್ಯುವುದಿಲ್ಲ, ಆದರೆ ದೂರು ಬಂದರೆ ಗಾಡಿ ಹತ್ತಿಸಬಹುದು. ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ, ಸಂತಾನಹರಣ ಕೇಂದ್ರಕ್ಕೆ ನೀವೇ ಹೋಗಿ ಗೂಡುಗಳನ್ನು ನೋಡಿ. ಫೋನಿನಲ್ಲಿ "ಅಂಥ ನಾಯಿ ಇಲ್ಲ" ಅಂದರೆ ಅಷ್ಟಕ್ಕೇ ಬಿಡಬೇಡಿ, ಕಂದು ನಾಯಿಗಳನ್ನು ಫೋನಿನಲ್ಲಿ ವಿವರಿಸಿ ಹುಡುಕಲು ಯಾರಿಂದಲೂ ಆಗುವುದಿಲ್ಲ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಆಪರೇಷನ್ ಮಾಡಿದ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಆದರೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ ಕಾಲೇಜು, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯ ಕೇಂದ್ರಕ್ಕೆ ಸೇರಿಸಲು ಹೇಳಿದೆ. ನಿಮ್ಮವಳು ಇರುವುದು ವಿಶ್ವವಿದ್ಯಾಲಯದ ಪಕ್ಕದಲ್ಲೇ. ತಡ ಮಾಡಬೇಡಿ. ಕ್ಯಾಂಪಸ್ ಸೆಕ್ಯುರಿಟಿಯವರಿಗೆ ಇವತ್ತೇ ಹೇಳಿ.

ಖಾಲಿ ಚೈನು (ಹಾಸನ)

ಓದುತ್ತಾ ಇದ್ದೇನೆ. ನಮ್ಮದು ಹೋದ ವರ್ಷ ಹೋಗಿದ್ದು ಸಿಗಲೇ ಇಲ್ಲ. ಜನ "ಇನ್ನೊಂದು ತನ್ನಿ" ಅನ್ನುತ್ತಾರೆ. ಅವನ ತಟ್ಟೆ ಇನ್ನೂ ಎತ್ತಿಟ್ಟಿಲ್ಲ. ನೀವು ಹುಡುಕುವುದನ್ನು ಬಿಡಬೇಡಿ ಅಂತ ಹೇಳುವುದಕ್ಕಷ್ಟೇ ಬರೆದೆ.

ರಾತ್ರಿಪಾಳಿ (ಬೆಂಗಳೂರು)

ಅಣ್ಣಾ, ನಿಮ್ಮ ನಾಯಿಯ ಫೋಟೋ ಮತ್ತು ಗುರುತು ನನಗೆ ಕಳಿಸಿ. ಹಾಸನದಲ್ಲಿ ಬೀದಿ ನಾಯಿಗೆ ಊಟ ಹಾಕುವವರ ಗುಂಪಿಗೆ ಹಾಕಿಸುತ್ತೇನೆ. ತಿಂಗಳುಗಟ್ಟಲೆ ಬೇರೆ ಮನೆಯವರು ಸಾಕಿಕೊಂಡಿದ್ದ ನಾಯಿಗಳೂ ವಾಪಸ್ ಬಂದಿವೆ. ನಿಮ್ಮದು ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಕೇಳಿಸಿ ನೋಡುವುದಂತೂ ಮಾಡೋಣ.

ಬೋಗಾದಿ ಮನೆ (ಮೈಸೂರು)

ಚಿನ್ನಿ ಸಿಕ್ಕಿದಳು! ಮನೆಯಲ್ಲಿದ್ದಾಳೆ!

ಕೈ ಇನ್ನೂ ನಡುಗುತ್ತಿದೆ, ತಪ್ಪಿದ್ದರೆ ಸರಿಮಾಡಿ ಓದಿ. ಕ್ಯಾಂಪಸ್ಸಿನ ಸೆಕ್ಯುರಿಟಿಯವರೊಬ್ಬರಿಗೆ ಪಾಂಪ್ಲೆಟ್ ಕೊಟ್ಟಿದ್ದೆವು. ಅವರಿಗೂ "ಹೊಸ ನಾಯಿ ಬಂದಿದೆಯಾ" ಅಂತಲೇ ಕೇಳಿದ್ದು. ಬೆಳಗಿನ ಜಾವ ಫೋನ್ ಮಾಡಿದರು. ಕುಕ್ಕರಹಳ್ಳಿ ಕೆರೆ ಕಡೆಯ ಪೊದೆಯಿಂದ ಒಂದು ಕಂದು ನಾಯಿ ನೀರು ಕುಡಿಯಲು ಬಂದು ಹೋಗುತ್ತದೆ, ಬಾಲ ಬಿಳಿ ಇದೆ ಅಂದರು. ಅವರು ಹತ್ತಿರ ಹೋಗದೆ ದೂರದಿಂದಲೇ ನೋಡಿಕೊಂಡಿದ್ದರು. ಆ ಪುಣ್ಯಾತ್ಮರಿಗೆ ಏನು ಕೊಟ್ಟರೂ ಕಡಿಮೆ.

ನಾನು ಮತ್ತು ಮಗ ಹೋದೆವು. ನಾನು ಹುಲ್ಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂತೆ. ಸೆರಗಿನಲ್ಲಿ ಲಿವರ್ ಕಟ್ಟಿಕೊಂಡಿದ್ದೆ. ಪೊದೆಯಿಂದ ಮೂತಿ ಮಾತ್ರ ಬಂತು, ಹೋಯಿತು. ಮತ್ತೆ ಬಂತು. ನಾನು ಅವಳ ಕಡೆ ನೋಡಲೇ ಇಲ್ಲ. ಮನೆಯಲ್ಲಿ ದಿನಾ ಹೇಳುವ ಹಾಗೆ "ಅಜ್ಜಿ ಅನ್ನ ಕಲಸಿದ್ದಾರೆ, ಬರ್ತೀಯಾ" ಅಂತ ಹೇಳುತ್ತಾ ಒಂದೊಂದೇ ತುಂಡು ಹಾಕಿದೆ. ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು ತೆವಳುತ್ತಾ ಬಂದಳು. ನನ್ನ ಪಾದ ಮೂಸಿದಳು. ಆಮೇಲೆ ಒಂದು ಥರ ಕೂಗಿದಳು ನೋಡಿ, ಅಂಥ ಕೂಗು ನಾನು ಯಾವತ್ತೂ ಕೇಳಿಲ್ಲ. ಮಡಿಲಿಗೆ ಬಂದು ಬಿದ್ದಳು. ಮಗ ಹಿಂದಿನಿಂದ ಮೆಲ್ಲಗೆ ಹಗ್ಗ ಹಾಕಿದ.

ಮೈಯೆಲ್ಲ ಉಣ್ಣಿ, ಮುಂಗಾಲಿನಲ್ಲಿ ಕಚ್ಚಿದ ಗಾಯ ಇದೆ. ಹಸಿದಿದ್ದಾಳೆ. ಈಗ ಏನು ಕೊಡಲಿ?

ಪಶುವೈದ್ಯೆ (ಶಿವಮೊಗ್ಗ)

ಓದಿ ಕಣ್ಣು ತುಂಬಿತು. ಈಗ ಮುಂದಿನದು. ಒಂದೇ ಸಲ ಹೊಟ್ಟೆ ತುಂಬ ಕೊಡಬೇಡಿ. ಮೊಸರನ್ನ ಅಥವಾ ಅನ್ನಕ್ಕೆ ಬೇಯಿಸಿದ ಕೋಳಿ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ನೀರು ಯಾವಾಗಲೂ ಪಕ್ಕದಲ್ಲಿರಲಿ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ.

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಕೈಗವಸು ಹಾಕಿಕೊಂಡು. ಇವತ್ತೇ ಆಸ್ಪತ್ರೆಗೆ ಒಯ್ಯಿರಿ. ಯಾವ ನಾಯಿ ಕಚ್ಚಿದೆಯೋ ಗೊತ್ತಿಲ್ಲ. ಹಿಂದೆ ಲಸಿಕೆ ಆಗಿದ್ದರೂ ರೇಬೀಸ್ ಲಸಿಕೆ ಮತ್ತೆ ಬೇಕು. ಹಿಡಿಯುವಾಗ ನಿಮ್ಮಲ್ಲಿ ಯಾರಿಗಾದರೂ ಹಲ್ಲು, ಉಗುರು ತಾಗಿದ್ದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ನೀವೂ ಆಸ್ಪತ್ರೆಗೆ ಹೋಗಿ. ನಮ್ಮ ನಾಯಿ ತಾನೆ ಅಂತ ಬಿಡಬೇಡಿ. ಉಣ್ಣಿಯಿಂದ ಜ್ವರ ಬರುತ್ತದೆ. ಒಂದೆರಡು ವಾರದಲ್ಲಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ ರಕ್ತ ಪರೀಕ್ಷೆ ಮಾಡಿಸಿ.

ಡಿಟಿಪಿ ಅಂಗಡಿ (ದಾವಣಗೆರೆ)

ತುಂಬಾ ಸಂತೋಷ ಮೇಡಂ. ಅಂಗಡಿಗಳಿಗೆ ಹಾಕಿದ ಪಾಂಪ್ಲೆಟ್ ಎಲ್ಲ ತೆಗೆಸಿ, ಗ್ರೂಪುಗಳಿಗೂ "ಸಿಕ್ಕಿದೆ" ಅಂತ ಹಾಕಿ. ಹಳೆಯದು ವರ್ಷಗಟ್ಟಲೆ ಸುತ್ತುತ್ತಾ ಇದ್ದರೆ ನಿಜವಾಗಿ ಕಳೆದವರದ್ದನ್ನು ಯಾರೂ ನೋಡುವುದಿಲ್ಲ.

ವಿದ್ಯಾನಗರ (ಹುಬ್ಬಳ್ಳಿ)

ಇದೇ ಜಾಗದಲ್ಲಿ ಕೇಳುತ್ತೇನೆ, ಬೇಜಾರಾಗಬೇಡ್ರಿ. ನಮ್ಮ ಮನೆ ಮುಂದೆ ಒಂದು ಲ್ಯಾಬ್ರಡಾರ್ ಬಂದು ಮಲಗಿದೆ. ಬೆಲ್ಟ್ ಇದೆ, ನಂಬರ್ ಇಲ್ಲ. ಗ್ರೂಪಿಗೆ ಹಾಕಿದ್ದೇ ತಡ ಇಬ್ಬರು ನಮ್ಮದು ಅಂತ ಫೋನ್ ಮಾಡಿದ್ದಾರೆ. ಯಾರಿಗೆ ಕೊಡಲಿ?

ಕೋರ್ಟು ರಸ್ತೆ (ತುಮಕೂರು)

ಇಬ್ಬರಿಗೂ ಈಗಲೇ ಕೊಡಬೇಡಿ. ನಾಯಿ ಗಂಡೋ ಹೆಣ್ಣೋ, ಬೆಲ್ಟಿನ ಬಣ್ಣ ಯಾವುದು, ನೀವು ಹೇಳದೆ ಅವರಿಂದ ಹೇಳಿಸಿ. ಹಳೆಯ ಫೋಟೋ, ಲಸಿಕೆ ಪುಸ್ತಕ ತರಲು ಹೇಳಿ. ಹತ್ತಿರದ ಆಸ್ಪತ್ರೆಯಲ್ಲಿ ಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಕೊಡುವಾಗ ಅವರ ಗುರುತಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಠಾಣೆಗೂ ಒಂದು ಮಾತು ತಿಳಿಸಿಬಿಡಿ, ನಿಮ್ಮ ಮೇಲೆ ಮಾತು ಬರಬಾರದು.

ವಿದ್ಯಾನಗರ (ಹುಬ್ಬಳ್ಳಿ)

ಒಬ್ಬರು ಲಸಿಕೆ ಪುಸ್ತಕ ಕೇಳಿದ ಮೇಲೆ ಫೋನೇ ಎತ್ತಲಿಲ್ಲ. ಇನ್ನೊಬ್ಬರು ಪುಸ್ತಕ, ಮರಿಯಾಗಿದ್ದಾಗಿನ ಫೋಟೋ ಎಲ್ಲ ತಂದರು. ನಾಯಿ ಅವರ ಸ್ಕೂಟರ್ ಸದ್ದು ಕೇಳಿಯೇ ಎದ್ದು ನಿಂತಿತ್ತು. ಕೊಟ್ಟು ಕಳಿಸಿದೆವು.

ಬೋಗಾದಿ ಮನೆ (ಮೈಸೂರು)

ಕೊನೆಯದಾಗಿ ಒಂದು. ಬೆಲ್ಟಿಗೆ ನಂಬರ್ ಹಾಕಿಸಬೇಕು. ತುಳಸಿ ಹಬ್ಬಕ್ಕೆ ಮತ್ತೆ ಪಟಾಕಿ ಹೊಡೆಯುತ್ತಾರೆ, ಅಷ್ಟರೊಳಗೆ ಆಗಬೇಕು. ಎಲ್ಲಿ ಮಾಡಿಸುವುದು?

ಹಾಲಿನ ಬೂತ್ (ಮಂಡ್ಯ)

ಕೀ ಮಾಡುವ ಅಂಗಡಿ ಅಥವಾ ನೇಮ್‌ಪ್ಲೇಟ್ ಕೆತ್ತುವವರ ಹತ್ತಿರ ಹೋಗಿ ಮೇಡಂ. ಹಿತ್ತಾಳೆ ಬಿಲ್ಲೆ ಮೇಲೆ ಎರಡು ನಂಬರ್ ಕೆತ್ತಿಸಿ, ಹೆಸರು ಬೇಡ. ಅದು ಆಗುವವರೆಗೆ ಬೆಲ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ಬೆಲ್ಟ್ ಮತ್ತು ಕುತ್ತಿಗೆ ನಡುವೆ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ.

ಪಶುವೈದ್ಯೆ (ಶಿವಮೊಗ್ಗ)

ಪಟಾಕಿ ದಿನ ಸಂಜೆ ಬೆಳಕಿರುವಾಗಲೇ ವಾಕಿಂಗ್ ಮುಗಿಸಿ. ಆಮೇಲೆ ಒಳಗಿನ ಕೋಣೆಯಲ್ಲಿ ಕಿಟಕಿ ಹಾಕಿ, ಫ್ಯಾನ್, ಟಿವಿ ಹಚ್ಚಿ ಯಾರಾದರೂ ಜೊತೆಗಿರಿ. ಈ ಸಲ ಇಷ್ಟು ಹೆದರಿರುವುದರಿಂದ ಭಯ ಕಡಿಮೆ ಮಾಡುವ ಔಷಧಿ ಬೇಕಾಗಬಹುದು. ಗಾಯ ತೋರಿಸಲು ಹೋದಾಗಲೇ ಡಾಕ್ಟರನ್ನು ಕೇಳಿ, ಹಬ್ಬದ ಹಿಂದಿನ ದಿನಕ್ಕೆ ಬಿಡಬೇಡಿ.